ಮನೆಯಲ್ಲಿ ಹುಟ್ಟುವ ಹಾಡು

ಕಳೆದ ಮಳೆಗಾಲದಲ್ಲಿ, ಆಷಾಢದ ಒಂದು ಸಂಜೆ, ಮಳೆ ತುಸು ಹೊಳವಾಗಿದ್ದ ಹೊತ್ತಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತ್ರಾಸಿಯ ನಮ್ಮ ಮನೆಗೆ ಬಂದನು. ಅವನೂ ಅವನ ಮೂವರು ಗೆಳೆಯರೂ ಕೂಡಿ ಹಾಡುಗಳನ್ನು ಕಟ್ಟುತ್ತಿದ್ದಾರೆಂದು ಊರವರಿಂದ ಕೇಳಿದ್ದೆ. "ನಾವು ಹಾಡು ರೆಕಾರ್ಡು ಮಾಡುವ ಸ್ಥಳವನ್ನು ಒಮ್ಮೆ ಬಂದು ನೋಡಬೇಕು, ಮಾಷ್ಟ್ರೆ" ಎಂದು ಅವನು ಕರೆದಾಗ, ಕುಂದಾಪುರಕ್ಕೋ ಉಡುಪಿಗೋ ಹೋಗಬೇಕಾದೀತೆಂದು ನಾನು ಕೊಡೆಯನ್ನೂ ಕೈಚೀಲವನ್ನೂ ಎತ್ತಿಕೊಂಡೆ. ಅವನು ನಕ್ಕು, ನಾಲ್ಕು ಗದ್ದೆಗಳಾಚೆಯ ತನ್ನ ಮನೆಗೇ ಕರೆದೊಯ್ದನು.

ಹಂಚಿನ ಹಳೆಯ ಮನೆ. ಏಣಿ ಹತ್ತಿ ಹೋದರೆ ಅಟ್ಟ. ಅಲ್ಲಿ ಹಗ್ಗ ಕಟ್ಟಿ ನಾಲ್ಕು ಕಂಬಳಿಗಳನ್ನು ಇಳಿಬಿಟ್ಟಿದ್ದರು. ಗೋಡೆಯ ಬದಿಗೆ ಬೈಹುಲ್ಲಿನ ಕಟ್ಟುಗಳನ್ನು ಒಟ್ಟಿದ್ದರು. ಅವುಗಳ ನಡುವೆ ಒಂದು ಮೈಕು, ಒಂದು ಸಣ್ಣ ಕಂಪ್ಯೂಟರು, ಒಂದು ಗಿಟಾರು, ಅಜ್ಜನ ಕಾಲದ ಹಾರ್ಮೋನಿಯಂ. "ಇದೇ ನಮ್ಮ ಸ್ಟುಡಿಯೋ" ಎಂದನು. ಬಳಿಕ ಒಂದು ಹಾಳೆಯನ್ನು ನನ್ನ ಕೈಗಿತ್ತು, "ನಮ್ಮ ಹೊಸ ಹಾಡು, ಮಾಷ್ಟ್ರೆ. ಭಾಷೆ ತಪ್ಪಿದ್ದರೆ ತಿದ್ದಿ ಕೊಡಿ" ಎಂದನು. ನೋಡಿದೆ. ಹಾಡು ಆದ್ಯಂತವಾಗಿ ನಮ್ಮ ಕುಂದಾಪ್ರ ಕನ್ನಡದಲ್ಲಿತ್ತು. ಮೂರು ದಶಕಗಳಷ್ಟು ಕಾಲ ಮಕ್ಕಳ ಪ್ರಬಂಧಗಳಲ್ಲಿ ಅದೇ ಮಾತುಗಳ ಕೆಳಗೆ ಕೆಂಪು ಗೆರೆ ಎಳೆದ ಕೈ ನನ್ನದು. ಮನೆಯಲ್ಲಿ ನಿಧಾನವಾಗಿ ನೋಡುತ್ತೇನೆಂದು ಹೇಳಿ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಆ ಹಾಳೆ ಹದಿನೈದು ದಿನ ನನ್ನ ಮೇಜಿನ ಮೇಲಿತ್ತು. ಏನೆಂದು ಉತ್ತರ ಕೊಡಲಿ ಎಂಬುದು ತೋಚದೆ, ಮನೆಯಲ್ಲಿ ಹಾಡು ಮುದ್ರಿಸುವ ಈ ವಿದ್ಯೆ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ಏನಾಯಿತು ಎಂದು ಓದಿ ಕೇಳಿ ತಿಳಿಯತೊಡಗಿದೆ. ಹಾಗೆ ತಿಳಿದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಂಠಕ್ಕೆ ಕಾವಲಿದ್ದ ಕಾಲ

ಹಾಡುವುದು ಮನುಷ್ಯನಷ್ಟೇ ಹಳೆಯದು. ಹಾಡನ್ನು ಹಿಡಿದಿಡುವುದು ತೀರ ಹೊಸದು. ನಮ್ಮ ದೇಶದಲ್ಲಿ 1902ರಲ್ಲಿ ಗ್ರಾಮಾಫೋನು ಕಂಪೆನಿಯವರು ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗಳಿಗೆ ಇಳಿಸಿದರು. ಸುಮಾರು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಿ, ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುವುದನ್ನು ಇಂದಿಗೂ ಕೇಳಬಹುದು. ಯಂತ್ರ ಕಂಪೆನಿಯದು, ಆಯ್ಕೆ ಕಂಪೆನಿಯದು, ಸ್ಥಳ ಮಹಾನಗರ. ಹಳ್ಳಿಯ ಕಂಠಕ್ಕೆ ಅಲ್ಲಿ ಪ್ರವೇಶ ದುರ್ಲಭವಾಗಿತ್ತು.

ಬಾನುಲಿ ಬಂದ ಮೇಲೆ ಆ ಬಾಗಿಲು ಸಾಕಷ್ಟು ತೆರೆಯಿತು. ಆದರೂ ಅಲ್ಲಿಯೂ ಧ್ವನಿಪರೀಕ್ಷೆ ಎಂಬುದೊಂದಿತ್ತು, ಇಂದಿಗೂ ಇದೆ. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳನ್ನು ಕಲಾವಿದರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಪರೀಕ್ಷೆಯಿಂದ ಒಳಿತಾದದ್ದು ಬಹಳ. ಶ್ರುತಿ ತಪ್ಪಿದವನು ಮನೆಗೆ ಹೋಗಿ ಮತ್ತೆ ಸಾಧನೆಗೆ ಕೂರುತ್ತಿದ್ದನು. ಆದರೆ ಕಾವಲುಗಾರನ ಅಭಿರುಚಿಯೇ ಕೆಲವೊಮ್ಮೆ ಕಟ್ಟಳೆಯಾಗುವುದೂ ಉಂಟು. ಭಾರತೀಯ ಸಂಗೀತದ ಸೂಕ್ಷ್ಮ ಸ್ವರಗಳಿಗೆ ಒಗ್ಗದೆಂಬ ಕಾರಣಕ್ಕೆ 1940ರಲ್ಲಿ ನಮ್ಮ ಬಾನುಲಿ ಕೇಂದ್ರಗಳಿಂದ ಹಾರ್ಮೋನಿಯಂ ಹೊರಬಿದ್ದಿತು. 1971ರಲ್ಲಿಯೇ ಆ ನಿರ್ಬಂಧ ಸಡಿಲವಾದದ್ದು. ಆ ಮೂವತ್ತು ವರ್ಷಗಳಲ್ಲಿಯೂ ನಮ್ಮ ಕರಾವಳಿಯ ಭಜನಾಮಂದಿರಗಳಲ್ಲಿ ಹಾರ್ಮೋನಿಯಂ ತನ್ನ ಪಾಡಿಗೆ ತಾನು ನುಡಿಯುತ್ತಲೇ ಇತ್ತು.

ಇಲ್ಲಿ ಒಂದು ಸಂಗತಿಯನ್ನು ನೆನೆಯದೆ ಮುಂದೆ ಹೋಗಲಾಗದು. ಕನ್ನಡನಾಡಿನ ಬಾನುಲಿಯೇ ಒಂದು ಮನೆಯಲ್ಲಿ ಹುಟ್ಟಿದ ಕೂಸು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ 'ವಿಠ್ಠಲ ವಿಹಾರ'ದಿಂದ 30 ವಾಟಿನ ಪುಟ್ಟ ಪ್ರೇಷಕದ ಮೂಲಕ ಪ್ರಸಾರವನ್ನು ಆರಂಭಿಸಿದರು. ಆ ಮನೆಯ ನಿಲಯದ ಹೆಸರೇ 'ಆಕಾಶವಾಣಿ'. ಮೂವತ್ತು ವಾಟು ಎಂದರೆ ಒಂದು ಸಾಧಾರಣ ದೀಪಕ್ಕೆ ಬೇಕಾಗುವಷ್ಟು ಶಕ್ತಿ. ಅಷ್ಟರಿಂದ ಆರಂಭವಾದುದರ ಹೆಸರು ಮುಂದೆ ದೇಶಕ್ಕೆಲ್ಲ ಆಯಿತು. ಮನೆಯಲ್ಲಿ ನಡೆಯುವ ಕೆಲಸವೆಂದು ಯಾವುದನ್ನೂ ಹಗುರವಾಗಿ ಎಣಿಸಬಾರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಒಂದು ಮನೆ, ಇಬ್ಬರು ಕಲಾವಿದರು

ಮನೆಯಲ್ಲಿಯೇ ಹಾಡನ್ನು ಮುದ್ರಿಸಿ, ಅದನ್ನು ಲೋಕಪ್ರಿಯಗೊಳಿಸಿದ ಮೊದಮೊದಲಿನವರಲ್ಲಿ ಅಮೆರಿಕೆಯ ದಂಪತಿಗಳಿಬ್ಬರು ಪ್ರಸಿದ್ಧರು: ಲೆಸ್ ಪಾಲ್ ಮತ್ತು ಮೇರಿ ಫೋರ್ಡ್. ಲೆಸ್ ಪಾಲ್ 1915ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಹುಟ್ಟಿದವನು. ಗಿಟಾರು ನುಡಿಸುವುದರಲ್ಲಿ ಎಷ್ಟು ನಿಪುಣನೋ ತಂತಿ, ತಿರುಪು, ಚಕ್ರಗಳೊಂದಿಗೆ ಆಡುವುದರಲ್ಲಿಯೂ ಅಷ್ಟೇ ನಿಪುಣ. ಹಾಲಿವುಡ್ಡಿನ ತನ್ನ ಮನೆಯ ಕಾರುಕೊಟ್ಟಿಗೆಯಲ್ಲಿ, ಕ್ಯಾಡಿಲಾಕ್ ಕಾರಿನ ಒಂದು ಭಾರವಾದ ಚಕ್ರವನ್ನು ಬಳಸಿ, ತಟ್ಟೆ ಕೊರೆಯುವ ಯಂತ್ರವನ್ನು ತಾನೇ ಮಾಡಿಕೊಂಡನು.

ಅವನ ಉಪಾಯ ಸರಳ. ಮೊದಲು ಗಿಟಾರಿನ ಒಂದು ಸಾಲನ್ನು ತಟ್ಟೆಗೆ ಇಳಿಸುವುದು. ಆ ತಟ್ಟೆಯನ್ನು ನುಡಿಯಬಿಟ್ಟು, ಅದರ ಜೊತೆಗೆ ತಾನು ಇನ್ನೊಂದು ಸಾಲನ್ನು ನುಡಿಸಿ, ಎರಡನ್ನೂ ಕೂಡಿಸಿ ಎರಡನೆಯ ತಟ್ಟೆಗೆ ಇಳಿಸುವುದು. ಹೀಗೆ ಒಬ್ಬನೇ ನಾಲ್ಕಾಳಾಗುವುದು, ಎಂಟಾಳಾಗುವುದು. 1948ರಲ್ಲಿ ಹೊರಬಂದ 'ಲವರ್' ಎಂಬ ವಾದ್ಯಸಂಗೀತದಲ್ಲಿ ಕೇಳುವ ಎಂಟು ಗಿಟಾರುಗಳೂ ಅವನವೇ. ಆದರೆ ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಹಳೆಯ ಧ್ವನಿ ಮಸುಕಾಗುತ್ತಿತ್ತು. ಆದಕಾರಣ ಮುಖ್ಯವಲ್ಲದ ಸಾಲುಗಳನ್ನು ಮೊದಲು, ಮುಖ್ಯವಾದುದನ್ನು ಕಟ್ಟಕಡೆಗೆ ಮುದ್ರಿಸುವ ಕ್ರಮವನ್ನು ಅವನು ಹಾಕಿಕೊಂಡನು. ಅಂದರೆ ಮೊದಲನೆಯ ಸಾಲನ್ನು ನುಡಿಸುವಾಗಲೇ ಇಡೀ ಹಾಡು ಅವನ ಮನಸ್ಸಿನಲ್ಲಿ ಸಿದ್ಧವಾಗಿರಬೇಕು.

ಅದೇ 1948ರ ಆರಂಭದಲ್ಲಿ ಭೀಕರವಾದ ಕಾರು ಅಪಘಾತದಲ್ಲಿ ಅವನ ಬಲಮೊಣಕೈ ನುಚ್ಚುನೂರಾಯಿತು. ಆ ಸಂದು ಮತ್ತೆ ಮಡಚುವಂತಿರಲಿಲ್ಲ. ಹಾಗಿದ್ದಲ್ಲಿ ಗಿಟಾರನ್ನು ಅಪ್ಪಿ ಹಿಡಿಯಲು ಅನುಕೂಲವಾಗುವ ಕೋನದಲ್ಲಿಯೇ ಕೈಯನ್ನು ಕೂರಿಸಿರೆಂದು ಅವನು ವೈದ್ಯರನ್ನು ಬೇಡಿದನು. ಮುಂದಿನ ಅರುವತ್ತು ವರ್ಷ ಆ ಮಡಚಿದ ಕೈಯಿಂದಲೇ ನುಡಿಸಿದನು.

1949ರ ಕೊನೆಯಲ್ಲಿ ಅವನು ಗಾಯಕಿ ಮೇರಿ ಫೋರ್ಡಳನ್ನು ಮದುವೆಯಾದನು. ಅಷ್ಟರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಅವನಿಗೆ ಆಂಪೆಕ್ಸ್ ಎಂಬ ಟೇಪು ಯಂತ್ರವೊಂದನ್ನು ಕೊಟ್ಟಿದ್ದನು. ಅದಕ್ಕೆ ಇನ್ನೊಂದು ಮುದ್ರಣತಲೆಯನ್ನು ಜೋಡಿಸಿ, ಧ್ವನಿಯ ಮೇಲೆ ಧ್ವನಿಯನ್ನು ಒಂದೇ ಟೇಪಿನಲ್ಲಿ ಹೊದಿಸುವ ವಿಧಾನವನ್ನು ಲೆಸ್ ಪಾಲ್ ಕಂಡುಕೊಂಡನು. ಅನುಕೂಲದೊಂದಿಗೆ ಅಪಾಯವೂ ಇತ್ತು. ಹೊಸ ಸಾಲು ಕೂಡುವಾಗ ಹಳೆಯ ಪ್ರತಿ ಅಳಿದುಹೋಗುತ್ತಿತ್ತು. ಹತ್ತನೆಯ ಸಾಲಿನಲ್ಲಿ ಮೇರಿ ಕೆಮ್ಮಿದರೆ ಒಂಬತ್ತೂ ಹಾಳು. ಮತ್ತೆ ಮೊದಲಿನಿಂದ ಆರಂಭ. ಅಡಿಗೆಮನೆಯಲ್ಲಿ, ನಡುಮನೆಯಲ್ಲಿ, ಪ್ರವಾಸದಲ್ಲಿದ್ದಾಗ ಹೋಟೆಲಿನ ಕೋಣೆಯಲ್ಲಿ ಆಕೆ ತನ್ನ ಧ್ವನಿಗೆ ತಾನೇ ಜೊತೆಗೂಡುತ್ತ ಹಾಡಿದಳು. ಮೈಕನ್ನು ಬಾಯಿಗೆ ತೀರ ಹತ್ತಿರ ಇಟ್ಟು ಮೆಲುದನಿಯಲ್ಲಿ ಹಾಡುವ ರೀತಿಯೂ ಅವರ ಮನೆಯದೇ. ಕಿವಿಯ ಬಳಿ ಆಪ್ತರೊಬ್ಬರು ಗುನುಗಿದಂತೆ ಅದು ಕೇಳುತ್ತಿತ್ತು.

1950ರಲ್ಲಿ ಅವರ ಬಾನುಲಿ ಕಾರ್ಯಕ್ರಮ ಆರಂಭವಾಯಿತು. 1951ರಲ್ಲಿ 'ಹೌ ಹೈ ದ ಮೂನ್' ಒಂಬತ್ತು ವಾರ, 1953ರಲ್ಲಿ 'ವಾಯಾ ಕಾನ್ ಡಿಯೋಸ್' ಹನ್ನೊಂದು ವಾರ ಅಮೆರಿಕೆಯಲ್ಲಿ ಮೊದಲ ಸ್ಥಾನದಲ್ಲಿ ನಿಂತವು. ಬಳಿಕ ನ್ಯೂಜೆರ್ಸಿಯ ಮಾವಾ ಎಂಬ ಊರಿನ ಮನೆಯಿಂದಲೇ ದೂರದರ್ಶನದ ಪುಟ್ಟ ಕಾರ್ಯಕ್ರಮವನ್ನೂ ನಡೆಸಿದರು. 1957ರಲ್ಲಿ ಎಂಟು ಸಾಲುಗಳನ್ನು ಬೇರೆಬೇರೆಯಾಗಿ ಹಿಡಿಯಬಲ್ಲ ಯಂತ್ರ ಆ ಮನೆಗೆ ಬಂದಿತು. ವಿಪರ್ಯಾಸವೆಂದರೆ, ಯಂತ್ರ ಪೂರ್ಣವಾಗುವ ಹೊತ್ತಿಗೆ ಜನರ ಅಭಿರುಚಿ ರಾಕ್ ಸಂಗೀತದ ಕಡೆ ತಿರುಗಿತ್ತು. ದಾಂಪತ್ಯವೂ ಸಡಿಲವಾಗಿ 1964ರಲ್ಲಿ ಮುರಿಯಿತು. ಕೆಲಸದ ಮನೆಯೂ ಬಾಳುವ ಮನೆಯೂ ಒಂದೇ ಆದಾಗ, ಸಂಜೆಗೆ ಬೀಗ ಹಾಕಿ ಬರುವ ಕಚೇರಿ ಎಂಬುದು ಇರುವುದಿಲ್ಲ. ಮೇರಿ 1977ರಲ್ಲಿ ತೀರಿಕೊಂಡಳು. ಲೆಸ್ ಪಾಲ್ ತೊಂಬತ್ತು ದಾಟಿದ ಮೇಲೂ ನ್ಯೂಯಾರ್ಕಿನಲ್ಲಿ ವಾರಕ್ಕೊಮ್ಮೆ ನುಡಿಸುತ್ತ 2009ರವರೆಗೆ ಬಾಳಿದನು.

ಅಟ್ಟದ ಮೇಲಿನ ಶಾಸ್ತ್ರ

ನಮ್ಮ ತ್ರಾಸಿಯ ಅಟ್ಟದಲ್ಲಿ ನಡೆಯುವುದೂ ಇದೇ ವಿದ್ಯೆ. ಯಂತ್ರ ಮಾತ್ರ ಕಿರಿದಾಗಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಕೋಣೆ. ಧ್ವನಿ ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. ಎದುರಿನ ಗೋಡೆ ಹತ್ತಡಿ ದೂರದಲ್ಲಿದ್ದರೆ ನಮ್ಮ ದನಿ ಹೋಗಿ ಮರಳಲು ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ಸಮಯ ಸಾಕು. ಅಷ್ಟು ಬೇಗ ಬಂದುದನ್ನು ಕಿವಿ ಬೇರೆ ಪ್ರತಿಧ್ವನಿಯೆಂದು ಗುರುತಿಸದು; ಹಾಡೇ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಗಾರೆಯ ನುಣುಪು ಗೋಡೆ ಧ್ವನಿಯನ್ನು ಚೆಂಡಿನಂತೆ ಹಿಂದಕ್ಕೆಸೆಯುತ್ತದೆ. ಕಂಬಳಿ, ಹಾಸಿಗೆ, ಬೈಹುಲ್ಲುಗಳ ಎಳೆಗಳ ನಡುವಿನ ಗಾಳಿ ಅದನ್ನು ನುಂಗಿಕೊಳ್ಳುತ್ತದೆ. ದನಕ್ಕೆಂದು ಒಟ್ಟಿದ ಹುಲ್ಲು ಸಂಗೀತಕ್ಕೂ ಒದಗುತ್ತದೆ ಎಂಬುದನ್ನು ಆ ಹುಡುಗರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಹುಲ್ಲಿನ ಅಟ್ಟದಲ್ಲಿ ಮಾತು ಗವ್ವೆನ್ನುವುದಿಲ್ಲ ಎಂಬುದು ಬಾಲ್ಯದಿಂದಲೇ ಅವರಿಗೆ ಗೊತ್ತಿತ್ತು.

ಎರಡನೆಯದು ಮೈಕಿನ ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ಒತ್ತಡ ಅರ್ಧವಾಗುತ್ತದೆ. ಬಾಯಿಂದ ಒಂದು ಗೇಣು ದೂರದಲ್ಲಿ ಮೈಕಿದ್ದರೆ ಹಾಡು ಮುಂದೆ, ಹೊರಗಿನ ಕಪ್ಪೆಯ ವಟವಟ ಹಿಂದೆ. ಮೈಕು ಮಾರುದೂರ ಹೋದರೆ ಹಾಡುಗಾರನೂ ಕಪ್ಪೆಯೂ ಸಮಾನರು. ಹಂಚಿನ ಮೇಲೆ ಮಳೆ ಬೀಳತೊಡಗಿದರೆ ಮಾತ್ರ ಯಾವ ಉಪಾಯವೂ ಇಲ್ಲ. ಕೆಲಸ ನಿಲ್ಲಿಸಿ ಚಹಾ ಕುಡಿಯಬೇಕು. ನಮ್ಮೂರಿಗೆ ಇನ್ನೊಂದು ಜೊತೆಗಾರನಿದ್ದಾನೆ: ಕಡಲು. ಆಷಾಢದಲ್ಲಿ ಅದರ ಮೊರೆತ ಹಗಲಿರುಳೂ ನಿಲ್ಲದು. ಆ ಮೊರೆತ ಬಹುಮಟ್ಟಿಗೆ ತಗ್ಗಿನ ದನಿಯಾದುದರಿಂದ, ತಗ್ಗಿನ ದನಿಗಳನ್ನು ಸೋಸಿ ತೆಗೆಯುವ ಏರ್ಪಾಡಿನಿಂದ ಅದನ್ನು ತಕ್ಕಮಟ್ಟಿಗೆ ಇಳಿಸಬಹುದು. ಪೂರ್ತಿಯಾಗಿ ಕಳೆಯಲು ಆಗದು.

ಮೂರನೆಯದು ಸಾಲುಗಳ ಜೋಡಣೆ. ಮೊದಲು ತಾಳದ ಎಣಿಕೆಯನ್ನು ಕಿವಿಗೆ ಹಾಕಿಕೊಂಡು ಒಬ್ಬನು ಗಿಟಾರು ನುಡಿಸುತ್ತಾನೆ. ಅದನ್ನು ಕೇಳುತ್ತ ಇನ್ನೊಬ್ಬನು ಹಾರ್ಮೋನಿಯಂ ಸೇರಿಸುತ್ತಾನೆ, ಆಮೇಲೆ ಚಂಡೆಯೋ ತಬಲವೋ, ಕಡೆಗೆ ಹಾಡು. ಒಂದೊಂದೂ ಬೇರೆ ಸಾಲಿನಲ್ಲಿರುವುದರಿಂದ ಒಂದು ಕೆಟ್ಟರೆ ಅದೊಂದನ್ನೇ ಮತ್ತೆ ಹಿಡಿದರಾಯಿತು. ಲೆಸ್ ಪಾಲ್ ಪಟ್ಟ ಪಾಡು ಇವರಿಗಿಲ್ಲ. ಕಂಪ್ಯೂಟರು ಧ್ವನಿಯ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಸಲವೂ 65,536 ಮೆಟ್ಟಿಲುಗಳಲ್ಲಿ ಅದು ಎಷ್ಟನೆಯದರಲ್ಲಿದೆ ಎಂದು ಅಂಕಿಯಾಗಿ ಬರೆದಿಡುತ್ತದೆ, ಸಿ.ಡಿ. ತಟ್ಟೆಗಳ ಅಳತೆ ಇದು. ಅಂಕಿಗೆ ಮಸುಕಾಗುವುದೆಂಬುದಿಲ್ಲ. ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ.

ಕ್ಯಾಸೆಟ್ಟು ತೆರೆದ ದಾರಿ

ಕಾರುಕೊಟ್ಟಿಗೆಯ ಯಂತ್ರದಿಂದ ಅಟ್ಟದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ ಒಂದು ದೊಡ್ಡ ಮೈಲಿಗಲ್ಲಿದೆ. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಅದು. 1979ರಲ್ಲಿ ಜಪಾನಿನ ಟಿಯಾಕ್ ಕಂಪೆನಿ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ನಾಲ್ಕು ಸಾಲುಗಳನ್ನು ಬೇರೆಬೇರೆಯಾಗಿ ಹಿಡಿಯುವ 'ಪೋರ್ಟಾಸ್ಟುಡಿಯೋ' ಯಂತ್ರವನ್ನು ಮಾರಿತು. ಅಂಥ ಒಂದು ಯಂತ್ರದ ಮೇಲೆ 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಪ್ರಸಿದ್ಧ ಗಾಯಕನು ತನ್ನ ಮನೆಯಲ್ಲಿ ಕೆಲವು ಹಾಡುಗಳನ್ನು ನೆನಪಿಗೆಂದು ಹಿಡಿದನು. ಬಳಿಕ ದೊಡ್ಡ ಸ್ಟುಡಿಯೋದಲ್ಲಿ ವಾದ್ಯವೃಂದದೊಂದಿಗೆ ಹಾಡಿದಾಗ ಆ ಕ್ಯಾಸೆಟ್ಟಿನ ಭಾವ ಬರಲೊಲ್ಲದು. ಕಡೆಗೆ ಆ ಕ್ಯಾಸೆಟ್ಟೇ 'ನೆಬ್ರಾಸ್ಕ' ಎಂಬ ಆಲ್ಬಮ್ಮಾಗಿ ಅದೇ ವರ್ಷ ಹೊರಬಂದಿತು. ಇತ್ತೀಚೆಗೆ ಬಿಲಿ ಐಲಿಶ್ ಎಂಬ ಹುಡುಗಿಯೂ ಅವಳ ಅಣ್ಣ ಫಿನಿಯಾಸನೂ ಲಾಸ್ ಏಂಜಲೀಸಿನ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ಹಾಡುಗಳನ್ನು ಕಟ್ಟಿ, 2020ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಪ್ರಮುಖವಾದ ನಾಲ್ಕನ್ನೂ ಪಡೆದರು.

ಕ್ಯಾಸೆಟ್ಟು ನಮ್ಮ ನಾಡಿಗೂ ಬಂದಿತು. 1978ರ 'ನಿತ್ಯೋತ್ಸವ' ಕ್ಯಾಸೆಟ್ಟಿನ ಮೂಲಕ ಕೆ. ಎಸ್. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಮನೆಮನೆಯನ್ನು ಸೇರಿದವು. ನಮ್ಮ ಕರಾವಳಿಯಲ್ಲಾದರೋ ಇನ್ನೊಂದು ಚೋದ್ಯ ನಡೆಯಿತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯಿಂದ ಯಕ್ಷಗಾನವನ್ನು ಕೇಳುವ ಅಭ್ಯಾಸ ನಮಗಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ, ಗಲ್ಫಿನಿಂದಲೋ ಬೊಂಬಾಯಿಯಿಂದಲೋ ರಜೆಗೆ ಬಂದವರು ತಂದ ಟೇಪ್‌ರೆಕಾರ್ಡರನ್ನು ರಂಗಸ್ಥಳದ ಮುಂದೆ ಚಾಪೆಯ ಮೇಲಿಟ್ಟು ರಾತ್ರಿಯಿಡೀ ಆಟವನ್ನು ಹಿಡಿಯುತ್ತಿದ್ದರು. ನಡುವೆ ಕಡಲೆ ಮಾರುವವನ ಕೂಗು, ಮಗುವಿನ ಅಳು, ಕ್ಯಾಸೆಟ್ಟು ಮಗುಚುವಾಗ ತಪ್ಪಿಹೋದ ಅರ್ಧ ಪದ, ಎಲ್ಲವೂ ಅದರಲ್ಲಿ.

ಗುಂಡ್ಮಿಯ ಕಾಳಿಂಗ ನಾವಡರು ಬಡಗುತಿಟ್ಟಿನ ಭಾಗವತಿಕೆಯಲ್ಲಿ ಹೊಸ ಅಲೆಯೆಬ್ಬಿಸಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಅಂದು ಚಾಪೆಯ ಮೇಲೆ ಕುಳಿತ ಅಭಿಮಾನಿಗಳು ಹಿಡಿದಿಟ್ಟ ಕ್ಯಾಸೆಟ್ಟುಗಳು ಇಲ್ಲದಿದ್ದರೆ, ಆ ಕಂಠದ ಎಷ್ಟೋ ರಾತ್ರಿಗಳು ಗಾಳಿಯಲ್ಲಿಯೇ ಕರಗಿಹೋಗುತ್ತಿದ್ದುವು. ಯಾರೂ ಶ್ರೇಣಿ ಕೇಳಲಿಲ್ಲ, ಯಾರೂ ಅಪ್ಪಣೆ ಕೊಡಲಿಲ್ಲ. ಬೇಕೆನಿಸಿದವರು ಹಿಡಿದಿಟ್ಟರು, ಉಳಿಯಿತು. ಮನೆಯ ಮುದ್ರಣದ ಬೆಲೆ ನನಗೆ ಮೊದಲು ಹೊಳೆದದ್ದು ಇದನ್ನು ನೆನೆದಾಗಲೇ.

ಬಸ್ರೂರಿನ ಉದಾಹರಣೆ

ಆಟವನ್ನು ಹಿಡಿದಿಟ್ಟವರು ಕೇಳುಗರು. ಹಾಡು ಕಟ್ಟುವವನೇ ತನ್ನೂರಿನಲ್ಲಿ ಕುಳಿತು ಹಿಡಿದು ಲೋಕಕ್ಕೆ ಕಳುಹಿದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಕುಂದಾಪುರದಿಂದ ಕೆಲವೇ ಮೈಲಿ ಒಳಗೆ, ವಾರಾಹಿ ನದಿಯ ದಂಡೆಯಲ್ಲಿ ಬಸ್ರೂರು ಇದೆ. ಒಂದು ಕಾಲಕ್ಕೆ ದೊಡ್ಡ ವ್ಯಾಪಾರದ ಬಂದರು. 1665ರಲ್ಲಿ ಶಿವಾಜಿ ಮಹಾರಾಜರು ಹಡಗುಗಳೊಡನೆ ಬಂದು ದಾಳಿ ಮಾಡುವಷ್ಟು ಸಂಪತ್ತಿದ್ದ ಊರು. ಈಗ ಅದರ ಹೆಸರನ್ನು ದೂರದವರೂ ಬಲ್ಲರೆಂದರೆ ಕಾರಣ ಸಂಗೀತ ನಿರ್ದೇಶಕ ರವಿ ಬಸ್ರೂರು.

ಅವರು ಲೋಹದ ಕೆಲಸ ಮಾಡುವ ಕುಶಲಕರ್ಮಿಗಳ ಮನೆತನದವರು. ಹುಟ್ಟುಹೆಸರು ಕಿರಣ್. ಸಂಗೀತವನ್ನು ನೆಚ್ಚಿ ಊರು ಬಿಟ್ಟು, ಬೆಂಗಳೂರಿನಲ್ಲಿ ಕಷ್ಟದ ದಿನಗಳನ್ನು ಕಳೆಯುತ್ತಿದ್ದಾಗ ನೆರವಾದ ರವಿ ಎಂಬವರ ಹೆಸರನ್ನೇ ತಮ್ಮದಾಗಿಸಿಕೊಂಡು, ಅದರೊಡನೆ ಊರಿನ ಹೆಸರನ್ನು ಸೇರಿಸಿಕೊಂಡರು. 2014ರ 'ಉಗ್ರಂ' ಚಲಚ್ಚಿತ್ರದಿಂದ ಅವರ ಸಂಗೀತ ನಾಡಿಗೆ ಪರಿಚಯವಾಯಿತು. 2018ರಲ್ಲಿ 'ಕೆ.ಜಿ.ಎಫ್.' ಚಿತ್ರದ ಮೊದಲ ಭಾಗ, 2022ರಲ್ಲಿ ಎರಡನೆಯ ಭಾಗ, 2023ರಲ್ಲಿ ತೆಲುಗಿನ 'ಸಲಾರ್', ಹೀಗೆ ಅವರ ಸಂಗೀತ ಹಲವು ಭಾಷೆಗಳಲ್ಲಿ ದೇಶವನ್ನೆಲ್ಲ ಸುತ್ತಿತು.

ಇಷ್ಟು ಎಲ್ಲರಿಗೂ ತಿಳಿದಿರುವುದು. ನನ್ನ ವಿಷಯಕ್ಕೆ ಬೇಕಾದುದು ಬೇರೆ. ಹೆಸರು ಬಂದ ಮೇಲೆ ಅವರು ಮಹಾನಗರದಲ್ಲಿಯೇ ಉಳಿಯದೆ ಬಸ್ರೂರಿನಲ್ಲಿಯೇ ಧ್ವನಿಮುದ್ರಣಾಲಯವನ್ನು ಕಟ್ಟಿಕೊಂಡರು. ಕೋಟಿಗಟ್ಟಲೆ ಜನ ಕೇಳಿದ 'ಕೆ.ಜಿ.ಎಫ್.' ಎರಡನೆಯ ಭಾಗದ ಸಂಗೀತದ ಕೆಲಸ ಆ ಹಳ್ಳಿಯಲ್ಲಿ ನಡೆಯಿತು. ಆ ಚಿತ್ರದ ಗುಂಪುಗಾನಗಳ ಗಾಯಕರ ಪಟ್ಟಿಯಲ್ಲಿ ಸಚಿನ್ ಬಸ್ರೂರು ಎಂಬ ಹೆಸರೂ ಇದೆ. ಊರು ತನ್ನ ಕಂಠವನ್ನೂ ಕೊಟ್ಟಿತು. 2020ರಲ್ಲಿ ಕೋವಿಡ್ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಇದೇ ಸಂಗೀತ ನಿರ್ದೇಶಕರು ತಂದೆಯ ಕುಲುಮೆಯಲ್ಲಿ ಕುಳಿತು ಲೋಹ ಬಡಿಯುತ್ತಿದ್ದುದನ್ನು ನಾಡಿನ ಜನ ನೋಡಿದರು. ಕುಲುಮೆಯ ಸುತ್ತಿಗೆಯ ಲಯ ಕೇಳುತ್ತ ಬೆಳೆದ ಕಿವಿ ಅವರದು ಎಂದು ಆಗ ನನಗೆ ಅನಿಸಿತು.

ಇದಕ್ಕಿಂತಲೂ ನನ್ನನ್ನು ತಟ್ಟಿದ ಸಂಗತಿ ಇನ್ನೊಂದು. 2014ರಲ್ಲಿ 'ಗರ್ಗರ್ ಮಂಡ್ಲ', 2016ರಲ್ಲಿ 'ಬಿಲಿಂಡರ್' ಎಂಬ ಚಿತ್ರಗಳನ್ನು ಅವರು ಕುಂದಾಪ್ರ ಕನ್ನಡದಲ್ಲಿ ತಾವೇ ನಿರ್ದೇಶಿಸಿದರು. ಮೂರು ನಾಲ್ಕು ತಾಲೂಕುಗಳ ಆಚೆಗೆ ಮಾರುಕಟ್ಟೆಯಿಲ್ಲದ ಆಡುನುಡಿಯಲ್ಲಿ ಹಾಡನ್ನೂ ಚಿತ್ರವನ್ನೂ ಮಾಡಲು ಯಾವ ದೊಡ್ಡ ಕಂಪೆನಿ ಹಣ ಹೂಡೀತು? ಯಂತ್ರ ತನ್ನ ಕೈಯಲ್ಲಿದ್ದವನಿಗೆ ಮಾತ್ರ ಅಂಥ ಸ್ವಾತಂತ್ರ್ಯ. ವೈದೇಹಿಯವರು ಕಥೆಗಳಲ್ಲಿ ಈ ನುಡಿಗೆ ಗೌರವದ ಸ್ಥಾನವನ್ನು ತಂದುಕೊಟ್ಟಿದ್ದರು. ಈಗ ಅದು ಹಾಡಿನಲ್ಲಿಯೂ ಕೇಳಿಸತೊಡಗಿತು. 2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸುವ ಮಟ್ಟಿಗೆ ಜನರಲ್ಲಿ ಅಭಿಮಾನ ಬೆಳೆಯಿತು.

ಕೆಂಪು ಗೆರೆಯ ಪ್ರಶ್ನೆ

ಮತ್ತೆ ಮೇಜಿನ ಮೇಲಿದ್ದ ಹಾಳೆಗೆ ಬರುತ್ತೇನೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಗಂಗೊಳ್ಳಿಗ್ ಹೋಯ್ಕ್, ಮೀನ್ ತಪ್ಪುಕ್ ಹೋಯ್ಕ್." ಗಂಗೊಳ್ಳಿಗೆ ಹೋಗಬೇಕು, ಮೀನು ತರಲು ಹೋಗಬೇಕು ಎಂದರ್ಥ. 'ತಪ್ಪುಕ್' ಎಂಬಲ್ಲಿಗೆ ಬಂದಾಗ ನನ್ನ ಕೈ ಅಭ್ಯಾಸಬಲದಿಂದ ಲೇಖನಿಯತ್ತ ಹೋಯಿತು. ಆದರೆ ಗೆರೆ ಎಳೆಯುವ ಮೊದಲು ಯೋಚಿಸಿದೆ. ಬಪ್ಪುದು, ಹೋಪುದು, ತಪ್ಪುದು, ಇಪ್ಪುದು, ಕಾಂಬುದು, ತಿಂಬುದು ಎನ್ನುತ್ತಾರೆ ನಮ್ಮವರು. ಪಂಡಿತ ಪರೀಕ್ಷೆಗೆ ಓದುವಾಗ ನಾನು ಕಲಿತ ಹಳಗನ್ನಡದ ರೂಪಗಳು ಯಾವುವು? ಬರ್ಪುದು, ಪೋಪುದು, ತರ್ಪುದು, ಇರ್ಪುದು, ಕಾಣ್ಬುದು, ತಿಂಬುದು. ಹತ್ತನೆಯ ಶತಮಾನದ ಪಂಪನ ಕಾಲದ ಪಕಾರ ಬಕಾರಗಳು ಗ್ರಂಥಭಾಷೆಯಲ್ಲಿ ಸವೆದು ವಕಾರವಾದವು. ಗಂಗೊಳ್ಳಿಯ ಮೀನುಪೇಟೆಯಲ್ಲಿ ಹಾಗೆಯೇ ಉಳಿದವು. ಕಾವ್ಯದಲ್ಲಿ ಬಂದಾಗ ಅಡಿಟಿಪ್ಪಣಿ ಕೊಟ್ಟು ಮೆಚ್ಚಿದುದನ್ನೇ, ಮಕ್ಕಳ ಬಾಯಲ್ಲಿ ಬಂದಾಗ ತಪ್ಪೆಂದು ತಿದ್ದುತ್ತ ಬಂದಿದ್ದೆ.

ಬಳಿಕ ಸಾಲಿಗೆ ಪ್ರಸ್ತಾರ ಹಾಕಿ ನೋಡಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ವ್ಯಂಜನದಲ್ಲಿ ಮುಗಿಯುವ ಅಕ್ಷರ ಗುರು. 'ಗಂಗೊಳ್ಳಿಗ್ ಹೋಯ್ಕ್' ಎಂದರೆ ನಾಲ್ಕು ಗುರು, ಎಂಟು ಮಾತ್ರೆ. 'ಮೀನ್ ತಪ್ಪುಕ್ ಹೋಯ್ಕ್' ಎಂದರೂ ನಾಲ್ಕು ಗುರು, ಎಂಟು ಮಾತ್ರೆ. ತಕ್ಕಡಿಯಲ್ಲಿ ತೂಗಿದಂತೆ ಸಮನಾಗಿದೆ. ಇನ್ನು ನನ್ನ ತಿದ್ದುಪಡಿಯನ್ನು ನೋಡಿ: 'ಗಂಗೊಳ್ಳಿಗೆ ಹೋಗಬೇಕು' ಎಂದರೆ ಹನ್ನೆರಡು ಮಾತ್ರೆ, 'ಮೀನು ತರಲು ಹೋಗಬೇಕು' ಎಂದರೂ ಹನ್ನೆರಡು. ಹುಡುಗರು ಹಾಕಿದ ಎಂಟರ ತಾಳದಲ್ಲಿ ಅದು ಕೂರುವುದಿಲ್ಲ. ಅಂಬಿಗನ ಹುಟ್ಟಿನ ಬೀಸಿನಂತೆ ಥಟ್ಟನೆ ಎತ್ತಿ ಇಳಿಸುವ ಆ 'ಹೋಯ್ಕ್' ಎಂಬ ಒಂದೇ ಗುರುವನ್ನು 'ಹೋಗಬೇಕು' ಎಂದು ಆರು ಮಾತ್ರೆಗೆ ಎಳೆದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ಭಾಷೆಯನ್ನು ಶುದ್ಧ ಮಾಡಲು ಹೋಗಿ ಹಾಡನ್ನೇ ಕೆಡಿಸುತ್ತಿದ್ದೆ.

ಹಾಗೆಂದ ಮಾತ್ರಕ್ಕೆ ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಸ್ವಾತಂತ್ರ್ಯದೊಂದಿಗೆ ಮೂರು ಕೊರತೆಗಳು ಬರುತ್ತವೆ. ಎರಡನೆಯ ಕಿವಿ ಇಲ್ಲದಿರುವುದು ಮೊದಲನೆಯದು. ಸ್ಟುಡಿಯೋದಲ್ಲಿ ಗಾಜಿನಾಚೆ ಕುಳಿತ ತಜ್ಞನು "ಇನ್ನೊಮ್ಮೆ" ಎನ್ನುತ್ತಾನೆ. ಅಟ್ಟದಲ್ಲಿ ಸ್ನೇಹಿತರು "ಚಂದ ಆಯ್ತ್" ಎಂದುಬಿಡುತ್ತಾರೆ. ಎರಡನೆಯದು, ಯಂತ್ರ ಎಲ್ಲವನ್ನೂ ತಿದ್ದೀತೆಂಬ ಭ್ರಮೆ. ತಪ್ಪಿದ ಸ್ವರವನ್ನು ಕಂಪ್ಯೂಟರು ಎತ್ತಿ ಸರಿಯಾದ ಸ್ಥಾನದಲ್ಲಿ ಕೂರಿಸೀತು, ನಿಜ. ಆದರೆ ಗಾಯಕನ ಗಂಟಲು ಅದರಿಂದ ಕಲಿಯುವುದೇನು? ಮೂರನೆಯದು, ಮುಗಿಯದಿರುವುದು. ಗಂಟೆಗಿಷ್ಟೆಂದು ಬಾಡಿಗೆ ಕೊಡುವ ಸ್ಟುಡಿಯೋದಲ್ಲಿ ಹಾಡು ಸಂಜೆಗೆ ಮುಗಿಯಲೇಬೇಕು. ಮನೆಯಲ್ಲಿ ಅದು ವರ್ಷಗಟ್ಟಲೆ ತಿದ್ದಿಸಿಕೊಳ್ಳುತ್ತ ಬಿದ್ದಿರಬಹುದು. ಆದುದರಿಂದ ಬಾನುಲಿಯ ಧ್ವನಿಪರೀಕ್ಷೆಯಂಥದು ಬೇಡವೆಂದಲ್ಲ. ಅಟ್ಟದವರಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಶ್ರುತಿಯನ್ನು ಪರೀಕ್ಷಿಸಬೇಕು, ಲಯವನ್ನು ಪರೀಕ್ಷಿಸಬೇಕು. ಆಡುನುಡಿಯನ್ನು ಮಾತ್ರ ಅಪರಾಧವೆಂದು ಎಣಿಸಬಾರದು.

ಹದಿನಾರನೆಯ ದಿನ ಹಾಳೆಯನ್ನು ಹಿಡಿದುಕೊಂಡು ನಾನೇ ಗದ್ದೆಯ ಹುಣಿಯ ಮೇಲೆ ನಡೆದು ಅಲ್ಲಿಗೆ ಹೋದೆ. ಮೊದಲು ಹಾಡನ್ನು ಕೇಳಿಸಲು ಹೇಳಿ, ಕಣ್ಣುಮುಚ್ಚಿ ಎರಡು ಸಲ ಕೇಳಿದೆ. "ಭಾಷೆಯಲ್ಲಿ ನಾನು ತಿದ್ದುವಂಥದು ಏನೂ ಇಲ್ಲ. ಎರಡನೆಯ ಚರಣದಲ್ಲಿ ಒಂದು ಸಾಲಿಗೆ ಒಂಬತ್ತು ಮಾತ್ರೆ ಬಿದ್ದಿದೆ, ಅಲ್ಲಿ ನಿನ್ನ ಉಸಿರು ಸಿಕ್ಕಿಕೊಳ್ಳುತ್ತಿದೆ. ಮೇಲಿನ ಷಡ್ಜದಲ್ಲಿ ಶ್ರುತಿ ಇಳಿಯುತ್ತಿದೆ. ಅವೆರಡನ್ನು ನೋಡಿಕೋ" ಎಂದೆ. ಹುಡುಗನು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದನು. ಕೆಂಪು ಗೆರೆ ಇರಲಿಲ್ಲ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಇವೇ ಮಾತುಗಳಿಗಾಗಿ ಅವನ ಅಂಕ ಕಳೆದವನು ನಾನೇ ಅಲ್ಲವೇ!

"ಕಡಲ ಸದ್ದು ಇನ್ನೂ ಸ್ವಲ್ಪ ಕೇಳುತ್ತದೆ, ಮಾಷ್ಟ್ರೆ. ಪೂರ್ತಿ ತೆಗೆಯಲು ಹೋದರೆ ದನಿಯೇ ತೆಳ್ಳಗಾಗುತ್ತದೆ" ಎಂದು ಅವನು ಸಂಕೋಚದಿಂದ ಹೇಳಿದನು. ತ್ರಾಸಿಯಲ್ಲಿ ಹಾಡಿದ ಹಾಡಿನಲ್ಲಿ ತ್ರಾಸಿಯ ಕಡಲು ಅಷ್ಟು ಕೇಳಿದರೆ ದೋಷವೇನೂ ಇಲ್ಲವೆಂದು ಹೇಳಿ, ಮಳೆ ಬರುವ ಮೊದಲೇ ಮನೆಗೆ ಹೊರಟೆ.

ರೇಡಿಯೋ ಇರುವ ಮನೆಗಳ ವಾಚಕರಲ್ಲಿ ನನ್ನದೊಂದು ಅರಿಕೆ. ನಿಮ್ಮ ಮನೆಯ ಮಕ್ಕಳು ಕಂಬಳಿ ಕಟ್ಟಿಕೊಂಡು ಅಟ್ಟದಲ್ಲಿ ಹಾಡುತ್ತಿದ್ದರೆ, ಗದ್ದಲವೆಂದು ಗದರದೆ ಅರ್ಧ ಗಂಟೆ ರೇಡಿಯೋವನ್ನು ತಗ್ಗಿಸಿ ಅವರ ಹಾಡನ್ನು ಕೇಳಿರಿ. ಚೆನ್ನಾಗಿಲ್ಲದಿದ್ದರೆ ಎಲ್ಲಿ ಚೆನ್ನಾಗಿಲ್ಲವೆಂದು ಹೇಳಿರಿ. ಅವರಿಗೆ ಯಂತ್ರ ದೊರೆತಿದೆ. ಇನ್ನು ಬೇಕಾದುದು ಗಮನವಿಟ್ಟು ಕೇಳುವ ಒಬ್ಬ ಹಿರಿಯರು.